ಇಲ್ಲದ ಫೈಲಿನ ಹಾಜರಿ

ಜೂನ್ 9, ಸೋಮವಾರ

ಇವತ್ತು ನಡೆದದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅಯ್ಯೋ ಪಾಪ ಪ್ರೇಮಲೀಲಾ ಅನ್ನುತ್ತಾರೆ. ಅಯ್ಯೋ ಪಾಪ ಅನ್ನಿಸಿಕೊಂಡು ನನಗೆ ಅಭ್ಯಾಸವಿಲ್ಲ. ಪೇಪರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿದೆ, ಇದಕ್ಕಾದರೂ ಹೇಳಿಕೊಳ್ಳುತ್ತೇನೆ.

ವಸತಿನಿಲಯದ ಸ್ಮರಣ ಸಂಚಿಕೆಯ ಮೊದಲರ್ಧವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕುಂಬಾರಕೊಪ್ಪಲಿಗೆ, ಮಂಟಯ್ಯನವರ ಪ್ರೆಸ್ಸಿಗೆ ಹೋಗಿದ್ದೆ. ವಿದ್ಯಾರಣ್ಯಪುರಂನಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಾಗಿನಿಂದ ನನ್ನ ಪುಟಗಳು ಅಚ್ಚಾಗುವುದು ಅಲ್ಲೇ. ನಾನು ಅಕ್ಷರ ಕುಟ್ಟಿ ಪುಟ ಕಟ್ಟುತ್ತೇನೆ, ಅವರು ಪ್ಲೇಟ್ ಮಾಡಿ ಅಚ್ಚು ಹಾಕುತ್ತಾರೆ. ಯುಗಾದಿ ಆದ ಮೇಲೆ ಮಂಟಯ್ಯನವರು ಮಂಡಿನೋವು ಅಂತ ಕುರ್ಚಿ ಹಿಡಿದಿದ್ದಾರೆ, ಪ್ರೆಸ್ಸು ಮಗಳು ಮಾನಸಳ ಕೈಗೆ ಬಂದಿದೆ. ಲಂಗ ಹಾಕಿಕೊಂಡು ಪೇಪರ್ ಬಂಡಲುಗಳ ಮೇಲೆ ಕುಣಿಯುತ್ತಿದ್ದ ಹುಡುಗಿ. ಅವಳು ನನ್ನ ಪೆನ್‌ಡ್ರೈವ್ ಸಿಕ್ಕಿಸಿದಳು, ಕಂಪ್ಯೂಟರ್ ಕುಂಯ್ ಅಂತು, ಪರದೆಯ ಮೂಲೆಯಲ್ಲಿ ಕೆಂಪಗೆ ಏನೋ ಬಂತು. ಹೋದ ವಾರವಷ್ಟೇ ಹೊಸ ಆಂಟಿವೈರಸ್ ಹಾಕಿಸಿದ್ದಾಳಂತೆ. ಪೆನ್‌ಡ್ರೈವನ್ನು ಕಿತ್ತು, ಸತ್ತ ಜಿರಳೆಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ಇಟ್ಟಳು.

"ಮೇಡಂ, ನಿಮ್ ಮಷೀನ್ ಕ್ಲೀನ್ ಆಗೋವರ್ಗೂ ಇದನ್ನ ಇಲ್ಲಿಗೆ ತರ್ಬೇಡಿ. ನಮ್ ಸಿಸ್ಟಮ್ಮಿಗೂ ಅಂಟಿಸ್ಬುಡ್ತೀರ," ಅಂದಳು.

ಮೇಡಂ ಅಂತೆ. ಹೋದ ತಿಂಗಳವರೆಗೆ ಆಂಟಿ ಆಗಿದ್ದೆ. ಮೇಲ್ ಮಾಡುತ್ತೇನೆ ಅಂದೆ, ಅದೂ ಬೇಡವಂತೆ. ಜುಲೈ ಮೊದಲ ವಾರ ಪ್ಲೇಟ್‌ಗೆ ಹೋಗಬೇಕು, ಅಷ್ಟರಲ್ಲಿ ನನ್ನ ಕಂಪ್ಯೂಟರ್ ಸರಿಹೋಗದಿದ್ದರೆ ಸಂಚಿಕೆಯನ್ನು ಬೇರೆ ಡಿಟಿಪಿಯವರಿಗೆ ಕೊಡಿ ಅಂತ ವಸತಿನಿಲಯದ ಸಮಿತಿಯವರಿಗೆ ಹೇಳಬೇಕಾಗುತ್ತದಂತೆ. ಇಷ್ಟೂ ನಡೆದದ್ದು ಪ್ರೂಫ್ ನೋಡಲು ಬಂದಿದ್ದ ಮೇಷ್ಟ್ರು, ಬೈಂಡಿಂಗ್ ಹೆಂಗಸರು ಮತ್ತು ಮೂಲೆಯಲ್ಲಿ ಕೂತಿದ್ದ ಮಂಟಯ್ಯನವರ ಎದುರಿಗೆ. ಮಂಟಯ್ಯನವರು ಒಂದು ಸಲ ಕೆಮ್ಮಿದರು, ಅಷ್ಟೇ.

ನನ್ನ ಪುಟ ಬೇಡ ಅಂತ ಯಾವ ಪ್ರೆಸ್ಸಿನವರೂ ಇದುವರೆಗೆ ಅಂದದ್ದಿಲ್ಲ. ಪ್ರೇಮಲೀಲಾ ಕಟ್ಟಿದ ಪುಟ ಅಂದರೆ ಕಣ್ಣು ಮುಚ್ಚಿಕೊಂಡು ಪ್ಲೇಟ್‌ಗೆ ಹಾಕಬಹುದು ಅನ್ನುವುದು ನನ್ನ ಹೆಸರು. ಆ ಹೆಸರನ್ನು ಅವಳು ಎರಡು ಬೆರಳಲ್ಲಿ ಎತ್ತಿ ಇಟ್ಟಳು. ಈ ವೈರಸ್ ನನ್ನಿಂದ ಹೊರಟದ್ದಲ್ಲ ಅಂತ ಸಾಬೀತು ಮಾಡಿ, ಅಷ್ಟೂ ಜನರ ಎದುರಿಗೆ ಅವಳ ಬಾಯಿಂದ ತಪ್ಪಾಯಿತು ಅನ್ನಿಸುತ್ತೇನೆ. ಅಲ್ಲಿಯವರೆಗೆ ನನಗೆ ಅನ್ನ ಸೇರುವುದಿಲ್ಲ. ರಾತ್ರಿ ಹುರುಳಿಕಾಳಿನ ಸಾರಿಗೆ ಎರಡು ಮುದ್ದೆ ಇಳಿಯಿತು, ಅದು ಬೇರೆ ಮಾತು.

ಜೂನ್ 10, ಮಂಗಳವಾರ

ನನ್ನ ಕಂಪ್ಯೂಟರಿಗೂ ಒಳ್ಳೆಯ ಆಂಟಿವೈರಸ್ ಹಾಕಿ ಹುಡುಕಿಸಿದೆ. ಬೆಳಿಗ್ಗೆ ಶುರುಮಾಡಿದ್ದು ಊಟದ ಹೊತ್ತಿನವರೆಗೂ ಹುಡುಕಿತು.

ಇತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು. ಒಂದು ಪೆನ್‌ಡ್ರೈವಿನಿಂದ ಇನ್ನೊಂದಕ್ಕೆ ಹಾರುವ ಜಾತಿಯದು. ನಮ್ಮ ಫೈಲುಗಳನ್ನು ಬಚ್ಚಿಟ್ಟು ಅದೇ ಹೆಸರಿನಲ್ಲಿ ತಾನು ಕೂರುತ್ತದೆ, ನಾವು ನಂಬಿ ತೆರೆದರೆ ಒಳಗೆ ನುಗ್ಗುತ್ತದೆ. ಅಂತಹದ್ದು ನನ್ನ ಅಂಗಡಿಯಲ್ಲಿ ಕಾಲು ಚಾಚಿ ಮಲಗಿತ್ತು. ಎಲ್ಲವನ್ನೂ ಅಳಿಸಿದ ಮೇಲೆ ಹಸಿರು ಗುರುತು ಬಂತು, ಇನ್ನು ಏನೂ ಇಲ್ಲ ಅಂತ.

ದಿನಾ ಎಷ್ಟೋ ಜನ ಪೆನ್‌ಡ್ರೈವ್ ತರುತ್ತಾರೆ, ಅವರಲ್ಲಿ ಯಾರೋ ತಂದು ಬಿಟ್ಟಿದ್ದಾರೆ. ಬಂದದ್ದು ನನಗೆ, ನಾನು ಯಾರಿಗೂ ಕೊಟ್ಟಿಲ್ಲ. ನಾಳೆಯೇ ಪ್ರೆಸ್ಸಿಗೆ ಹೋಗುತ್ತೇನೆ. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋಗುತ್ತೇನೆ.

ಜೂನ್ 11, ಬುಧವಾರ

ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು.

ಬೆಳಿಗ್ಗೆ ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ, ಎಂದಿನಂತೆ ಮಾನಿಟರಿನ ನೆತ್ತಿಗೆ ವಿಭೂತಿ ಎಳೆದು ಸ್ವಿಚ್ ಹಾಕಿದೆ. ಪರದೆ ಬೆಳಗಿತು. ನಡುಮಧ್ಯೆ ಒಂದು ಚೌಕ ಎದ್ದು ನಿಂತಿತು. ಸ್ಕ್ರಿಪ್ಟ್ ಫೈಲ್ ಸಿಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಫೈಲಿನ ಹೆಸರೋ, ಮಗು ಕೀಬೋರ್ಡಿನ ಮೇಲೆ ಕೈ ಆಡಿಸಿದಂತೆ ಕ್ಯೂ, ಜೆಡ್, ಎಕ್ಸ್ ಎಲ್ಲ ಕಲಸಿಕೊಂಡದ್ದು. ಕೆಳಗೆ ಓಕೆ ಅಂತ ಗುಂಡಿ. ಒತ್ತಿದೆ, ಚೌಕ ಹೋಯಿತು. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಬಂತು. ಮತ್ತೊಮ್ಮೆ ಹುಡುಕಿಸಿದೆ, ಅದೇ ಹಸಿರು ಗುರುತು, ಏನೂ ಇಲ್ಲ ಅಂತ.

ವೈರಸ್ ಇಲ್ಲ, ಚೌಕ ಇದೆ. ಇದನ್ನು ಇಟ್ಟುಕೊಂಡು ಮಾನಸಳ ಎದುರಿಗೆ ಕ್ಲೀನ್ ಆಗಿದೆ ಅಂತ ಹೇಗೆ ಹೇಳಲಿ? ಹೇಳಿದ ಮೇಲೆ ಅವಳೇ ಬಂದು ನೋಡಿಬಿಟ್ಟರೆ?

ಜೂನ್ 12, ಗುರುವಾರ

ಇವತ್ತಿನಿಂದ ಬೇಗ ಅಂಗಡಿ ತೆಗೆಯುತ್ತಿದ್ದೇನೆ. ಗಿರಾಕಿಗಳು ಬರುವ ಮುಂಚೆ ಓಕೆ ಒತ್ತಿಬಿಟ್ಟರೆ ಮುಗಿಯಿತು. ಬೀದಿಯ ಕಡೆ ಇದ್ದ ಮಾನಿಟರನ್ನು ಗೋಡೆಯ ಕಡೆ ತಿರುಗಿಸಿದ್ದೇನೆ. ಬಿಸಿಲು ಹೊಡೆಯುತ್ತದೆ ಅಂತ ಪಕ್ಕದ ಹೂವಿನವಳಿಗೆ ಹೇಳಿದೆ. ಮೋಡ ಮುಚ್ಚಿಕೊಂಡಿತ್ತು, ಅವಳು ಒಮ್ಮೆ ಆಕಾಶ ನೋಡಿ ಮತ್ತೆ ಹೂ ಕಟ್ಟತೊಡಗಿದಳು.

ಜೂನ್ 14, ಶನಿವಾರ

ಕಂಪ್ಯೂಟರ್ ರಿಪೇರಿ ಮಾಡುವ ಗುರುಕಿರಣ್‌ನನ್ನು ಕರೆಸಿದೆ. ಬಂದ, ಚೌಕ ನೋಡಿದ, ಕೂರಲೂ ಇಲ್ಲ.

"ಫಾರ್ಮ್ಯಾಟ್ ಮಾಡ್ಬುಡೋಣ ಆಂಟಿ. ಎಲ್ಲಾ ಒರೆಸಿ ಹೊಸದಾಗಿ ಹಾಕಿದ್ರೆ ಮುಗೀತು," ಅಂದ.

ಇವರಿಗೆ ಬರುವ ಮದ್ದು ಅದೊಂದೇ. ಕಂಪ್ಯೂಟರ್ ನಿಧಾನವಾದರೂ ಫಾರ್ಮ್ಯಾಟು, ಪ್ರಿಂಟರ್ ಕೆಮ್ಮಿದರೂ ಫಾರ್ಮ್ಯಾಟು. ನನ್ನ ಕನ್ನಡ ಸಾಫ್ಟ್‌ವೇರ್ ಹಳೆಯದು, ಮಾಡಿದವರು ಕಂಪನಿ ಮುಚ್ಚಿಕೊಂಡು ಹೋಗಿದ್ದಾರೆ, ಒಮ್ಮೆ ಒರೆಸಿದರೆ ಮತ್ತೆ ಕೂರಿಸಲು ಬೇಕಾದ ಕೀ ಕೊಡುವವರು ಯಾರೂ ಇಲ್ಲ. ನಾನು ಈವರೆಗೆ ಕಟ್ಟಿದ ಲಗ್ನಪತ್ರಿಕೆ, ಪುಸ್ತಕ, ಈಗಿನ ಸಂಚಿಕೆ, ಎಲ್ಲ ಅದರಲ್ಲೇ ಇರುವುದು. ಅದು ಹೋದರೆ ಅಷ್ಟೂ ಕನ್ನಡ ಕಾಗೆ ಕಾಲಾಗಿ ಕಾಣುತ್ತದೆ. ಇದನ್ನು ಹೇಳಿದರೆ, ಇನ್ನೂ ಅದನ್ನೇ ಇಟ್ಕೊಂಡಿದೀರಾ ಅಂತ ನಕ್ಕ. ಕಾಫಿ ಕುಡಿಸಿ ಕಳಿಸಿದೆ. ಒರೆಸುವುದಕ್ಕೆ ಯಾರಾದರೂ ಆಗುತ್ತಾರೆ. ನಾನೇ ಹುಡುಕುತ್ತೇನೆ.

ಜೂನ್ 16, ಸೋಮವಾರ

ಪಕ್ಕದ ರಸ್ತೆಯ ಭವ್ಯಶ್ರೀ ಪಿಎಚ್‌ಡಿ ಮಾಡುತ್ತಿದ್ದಾಳೆ, ಅಧ್ಯಾಯ ಅಧ್ಯಾಯವಾಗಿ ನನ್ನಲ್ಲೇ ಪ್ರಿಂಟ್ ತೆಗೆಸುತ್ತಾಳೆ. ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಪಕ್ಕಕ್ಕೇ ಬಂದು ನಿಂತಳು. ಸರಿಯಾಗಿ ಅದೇ ಹೊತ್ತಿಗೆ ಚೌಕ ಎದ್ದಿತು. ಬೆಳಿಗ್ಗೆ ಒತ್ತಿ ಕಳಿಸಿದ್ದು ಮಧ್ಯಾಹ್ನ ಯಾಕೆ ಬಂತೋ ಗೊತ್ತಿಲ್ಲ. ಅವಳ ಕೈ ಹಾಗೇ ಹಿಂದಕ್ಕೆ ಹೋಯಿತು. ಆಮೇಲೆ ಬರ್ತೀನಿ ಆಂಟಿ ಅಂದಳು.

ಬರಲಿಲ್ಲ.

ಜೂನ್ 18, ಬುಧವಾರ

ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಓಡ್ತೀಯ ಅಂತ ಇವರು ಬಾಗಿಲಿಗೆ ಅಡ್ಡ ನಿಂತರು. ವಾಕಿಂಗ್ ಅಂದೆ. ಚಪ್ಪಲಿ ಹಾಕಿಕೊಂಡು ಅಂಗಡಿ ಬೀಗದ ಕೈ ಹಿಡಿದುಕೊಂಡು ವಾಕಿಂಗೇ ಅಂದರು. ಹೇಳಿಬಿಟ್ಟೆ.

ನಮ್ಮ ಯಜಮಾನರು ಕರಿಬಸವಯ್ಯನವರು ಕಂಪ್ಯೂಟರ್ ಮುಟ್ಟಿದವರಲ್ಲ. ಮಂಟಯ್ಯನವರ ಹಳೆಯ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಎಲ್ಲ ಕೇಳಿಸಿಕೊಂಡು, ವೈರಸ್ಸಿನ ಫೈಲು ಸತ್ತಿದೆ ತಾನೆ ಅಂದರು. ಸತ್ತಿದೆ, ಆದರೂ ದಿನಾ ಬೆಳಿಗ್ಗೆ ಕಂಪ್ಯೂಟರ್ ಅದನ್ನೇ ಹುಡುಕುತ್ತದೆ ಅಂದೆ.

"ಮಷೀನ್ ಚಾಮಯ್ಯ ಇದ್ನಲ್ಲ, ಅವನು ಸತ್ತು ತಿಥಿ ಆದ್ರೂ ಗುಮಾಸ್ತ ದಿನಾ ಅವನ ಹೆಸ್ರು ಕೂಗೋನು ಕಣೆ," ಅಂದರು. "ಹಾಜರಿಯಿಂದ ಹೆಸ್ರನ್ನ ಯಾರೂ ಹೊಡೆದಾಕಿರ್ಲಿಲ್ಲ. ಇಲ್ಲ ಸಾರ್ ಅಂತ ನಾವೇ ಹೇಳೋವು. ಇದೂ ಹಂಗೇ ಏನೋ."

ಅಷ್ಟು ಸಾಕಾಯಿತು ನನಗೆ. ಆಂಟಿವೈರಸ್ ಫೈಲನ್ನು ಕೊಂದಿದೆ, ಆದರೆ ಅದನ್ನು ಕರೆಯಿರಿ ಅನ್ನುವ ಅಪ್ಪಣೆ ಎಲ್ಲೋ ಹಾಗೇ ಉಳಿದಿದೆ. ದಿನಾ ನಾನು ಒತ್ತುತ್ತಿರುವ ಓಕೆ ಅಂದರೆ ಇಲ್ಲ ಸಾರ್ ಅಂದ ಹಾಗೆ. ಕೂಗುವ ಗುಮಾಸ್ತನನ್ನು ಹಿಡಿದರೆ ಕೆಲಸ ಮುಗಿಯಿತು.

ಅಂಗಡಿಗೆ ಹೋದವಳೇ, ಕಂಪ್ಯೂಟರ್ ಶುರುವಾಗುವಾಗ ಏಳುವ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ಒಂದೊಂದರ ಮುಂದೆಯೂ ಮಾಡಿದ ಕಂಪನಿಯ ಹೆಸರಿತ್ತು. ಒಂದರ ಮುಂದೆ ಮಾತ್ರ ಖಾಲಿ. ಹೆಸರೂ ಮೂರು ಅಕ್ಷರ, ಎರಡು ಅಂಕಿ, ಅರ್ಥವಿಲ್ಲದ್ದು. ಸಿಕ್ಕಿಬಿದ್ದೆಯಾ ಅಂದೆ. ಪಟ್ಟಿಯಿಂದ ತೆಗೆದದ್ದಷ್ಟೇ ಅಲ್ಲ, ಅದು ಇದ್ದ ಜಾಗಕ್ಕೇ ಹೋಗಿ, ಕಸದ ಬುಟ್ಟಿಗೂ ಬೀಳದ ಹಾಗೆ ಬೇರುಸಮೇತ ಅಳಿಸಿದೆ. ಗುರುಕಿರಣನಿಗೆ ಫೋನ್ ಮಾಡಿ ಹೇಳಬೇಕು ಅನ್ನಿಸಿತು. ನಾಳೆ ಬೆಳಿಗ್ಗೆ ಬರಿಯ ಪರದೆ ನೋಡಿಕೊಂಡು ಮಾಡುತ್ತೇನೆ. ಯಾವ ಕಾಲೇಜಿಗೂ ಹೋಗದೆ ಇಷ್ಟು ಮಾಡಿದ್ದೇನೆ, ಇದನ್ನು ಇಲ್ಲಾದರೂ ಬರೆದಿಟ್ಟುಕೊಳ್ಳಬೇಕು.

ಜೂನ್ 19, ಗುರುವಾರ

ಚೌಕ ಬಂತು. ಕನ್ನಡ ಹೋಯಿತು.

ಜೂನ್ 20, ಶುಕ್ರವಾರ

ನಿನ್ನೆ ಹೆಚ್ಚು ಬರೆಯಲು ಕೈ ಬರಲಿಲ್ಲ. ನಾನು ಬೇರುಸಮೇತ ಕಿತ್ತದ್ದು ವೈರಸ್ಸಿನ ಗುಮಾಸ್ತನನ್ನಲ್ಲ, ನನ್ನ ಕನ್ನಡ ಕೀಬೋರ್ಡನ್ನು. ಆ ಹಳೆಯ ಸಾಫ್ಟ್‌ವೇರ್ ಮಾಡಿದವರು ಕಂಪನಿಯ ಹೆಸರು ನಮೂದಿಸುವ ಗೋಜಿಗೇ ಹೋಗಿರಲಿಲ್ಲ. ತಮ್ಮ ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಹೆಸರಿಟ್ಟಿದ್ದರು, ಅದು ನನಗೆ ಕಳ್ಳನ ಹೆಸರಾಗಿ ಕಂಡಿತು. ದಿನಾ ಅದರಿಂದಲೇ ಅನ್ನ ಉಂಡವಳು ನಾನು. ಕೀಲಿ ಒತ್ತಿದರೆ ಇಂಗ್ಲಿಷ್ ಬೀಳುತ್ತಿತ್ತು. ಸಂಚಿಕೆ ಅರ್ಧಕ್ಕೇ ನಿಂತಿತು.

ಅದೇ ಸಾಫ್ಟ್‌ವೇರ್ ಇಟ್ಟುಕೊಂಡಿರುವುದು ನನಗೆ ಗೊತ್ತಿರುವಂತೆ ಇನ್ನೊಬ್ಬಳೇ, ಇಲವಾಲದ ನಿಶ್ಚಿತಾ. ನನ್ನ ಅಂಗಡಿಯಲ್ಲಿ ಕೂತು ಕೆಲಸ ಕಲಿತು, ನನಗೊಂದು ಮಾತೂ ಹೇಳದೆ ಸ್ವಂತ ಅಂಗಡಿ ಇಟ್ಟವಳು. ಎಲ್ಲ ಆದ ಮೇಲೆ ಅಂಗಡಿ ಪೂಜೆಗೆ ಕರೆಯಲು ಬಂದಿದ್ದಳು, ನಾನು ಹೋಗಿರಲಿಲ್ಲ. ಬೆಳಿಗ್ಗೆ ಎರಡು ಸಲ ಬಸ್ ಸ್ಟಾಪಿನವರೆಗೆ ಹೋಗಿ ವಾಪಸ್ ಬಂದೆ. ಮೂರನೆಯ ಸಲ ಇಲವಾಲದ ಮೇಲೆ ಹೋಗುವ ಹುಣಸೂರಿನ ಬಸ್ಸು ಬಂದೇಬಿಟ್ಟಿತು, ಹತ್ತಿಬಿಟ್ಟೆ.

ಅವಳು ನನ್ನನ್ನು ನೋಡಿ ಕುರ್ಚಿಯಿಂದ ಎದ್ದು ನಿಂತಳು, ನನ್ನ ಅಂಗಡಿಯಲ್ಲಿ ಎದ್ದು ನಿಲ್ಲುತ್ತಿದ್ದ ಹಾಗೆಯೇ. ಕೀಬೋರ್ಡ್ ಫೈಲ್ ಅಳಿಸಿಹೋಗಿದೆ ಅಂದೆ, ಹೇಗೆ ಅಂತ ಹೇಳಲಿಲ್ಲ. ಅದಕ್ಕೇನಕ್ಕ ಕೊಡಿ ಅಂತ ನನ್ನ ಪೆನ್‌ಡ್ರೈವ್ ಇಸಿದುಕೊಂಡು ಸಿಕ್ಕಿಸಲು ಹೋದಳು.

"ಹಾಕ್ಬೇಡ ಕಣೆ," ಅಂದುಬಿಟ್ಟೆ. "ನನ್ ಮಷೀನಿಗೆ ವೈರಸ್ ಬಂದಿತ್ತು."

ಬಾಯಿ ತಪ್ಪಿ ಬಂದ ಮಾತು. ಇಬ್ಬರು ಗಿರಾಕಿಗಳು ಬೇರೆ ಕೂತಿದ್ದರು. ನಿಶ್ಚಿತಾ ನಕ್ಕು, ಬರದೇ ಇರೋರು ಯಾರಕ್ಕ ಅಂತ ತನ್ನದೇ ಹೊಸ ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಚೌಕದ ವಿಷಯ ಕೇಳಿ, ಟಾಸ್ಕ್ ಶೆಡ್ಯೂಲರ್ ನೋಡಿದ್ರಾ ಅಂದಳು. ಯಾವ ಹೊತ್ತಿಗೆ ಏನು ಮಾಡಬೇಕು ಅಂತ ಕಂಪ್ಯೂಟರ್ ವೇಳಾಪಟ್ಟಿ ಇಟ್ಟುಕೊಂಡಿರುವ ಜಾಗವಂತೆ. ನೋಡದೆ ಇರ್ತೀನಾ ಅಂದೆ. ಅದರ ಹೆಸರನ್ನೇ ಕೇಳಿರಲಿಲ್ಲ. ಮರೆತುಹೋದೀತು ಅಂತ ಬಸ್ಸಿನಲ್ಲಿ ಮನಸ್ಸಿನೊಳಗೆ ಅಂದುಕೊಂಡೇ ಬಂದೆ.

ಅವಳ ಅಂಗಡಿ ಚೊಕ್ಕಟವಾಗಿದೆ. ಪುಟದ ಅಂಚು ಬಿಡುವುದು ನನ್ನ ಹಾಗೆಯೇ. ಕಲಿಸಿದವರು ಯಾರು ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಜೂನ್ 23, ಸೋಮವಾರ

ಕನ್ನಡ ವಾಪಸ್ ಬಂದಿದೆ. ಶನಿವಾರ, ಭಾನುವಾರ ಕೂತು ಸಂಚಿಕೆಯ ಬಾಕಿ ಪುಟ ಕಟ್ಟಿದೆ. ಇವತ್ತು ಆ ವೇಳಾಪಟ್ಟಿ ತೆಗೆದೆ.

ಮೊದಲೇ ತೆಗೆಯಬೇಕಿತ್ತು. ಚೌಕ 'ಶುರುವಾಗುವಾಗ' ಮಾತ್ರ ಬರುವುದಾಗಿದ್ದರೆ ಆವತ್ತು ಭವ್ಯಶ್ರೀ ಎದುರಿಗೆ ಮಧ್ಯಾಹ್ನ ಯಾಕೆ ಬರುತ್ತಿತ್ತು? ಗಂಟೆ ನೋಡಿಕೊಂಡು ಕೂಗುವವನು ಯಾರೋ ಇದ್ದಾನೆ ಅಂತ ಆವತ್ತೇ ಹೊಳೆಯಬೇಕಿತ್ತು.

ಪಟ್ಟಿ ಉದ್ದಕ್ಕಿತ್ತು, ಅರ್ಧಕ್ಕರ್ಧ ತಲೆಬುಡ ತಿಳಿಯದ ಹೆಸರುಗಳೇ. ಈ ಸಲ ಹೆಸರು ನೋಡಿ ಯಾರನ್ನೂ ಕಳ್ಳ ಅನ್ನಲಿಲ್ಲ. ಒಂದೊಂದನ್ನೂ ತೆರೆದು, ಇದು ಯಾರನ್ನು ಕರೆಯುತ್ತದೆ ಅಂತ ಓದಿಕೊಂಡು ಹೋದೆ, ಪ್ರೂಫ್ ನೋಡುವ ಹಾಗೆ ಬೆರಳಿಟ್ಟು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮೇಲೆ ಏನೋ ಅಪ್‌ಡೇಟ್ ಅಂತ ಸಭ್ಯವಾದ ಹೆಸರು. ಒಳಗೆ ಅದೇ ಕ್ಯೂ, ಜೆಡ್, ಎಕ್ಸ್. ಕಂಪ್ಯೂಟರ್ ಶುರುವಾದಾಗ ಒಮ್ಮೆ, ಆಮೇಲೆ ನಡುನಡುವೆ, ಇಲ್ಲದ ಆ ಫೈಲನ್ನು ಕರೆಯುತ್ತಲೇ ಇರಬೇಕು ಅಂತ ಅಪ್ಪಣೆ.

ಅಳಿಸುವ ಗುಂಡಿಯ ಮೇಲೆ ಬೆರಳು ಹೋಗಿತ್ತು, ತಡೆದೆ. ಸದ್ಯಕ್ಕೆ ನಿಲ್ಲಿಸಿ ಮಾತ್ರ ಇಟ್ಟಿದ್ದೇನೆ. ನಾಳೆ ಚೌಕವೂ ಬರಬಾರದು, ಕನ್ನಡವೂ ಹೋಗಬಾರದು, ಆಮೇಲೆ ಅಳಿಸುವುದು.

ಜೂನ್ 24, ಮಂಗಳವಾರ

ಬರಲಿಲ್ಲ!

ವಿಭೂತಿ ಎಳೆದು ಸ್ವಿಚ್ ಹಾಕಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ತೆರೆದರೆ ನೀಲಿ ಪರದೆ, ನನ್ನ ಫೈಲುಗಳು, ಮತ್ತೇನೂ ಇಲ್ಲ. ಕನ್ನಡದಲ್ಲಿ ನನ್ನ ಹೆಸರು ಕುಟ್ಟಿ ನೋಡಿದೆ, ಬಿತ್ತು. ಸಂಜೆಯವರೆಗೂ ಕಾದೆ, ಚೌಕದ ಸುಳಿವಿಲ್ಲ. ಆಗ ಆ ಅಪ್ಪಣೆಯನ್ನು ಅಳಿಸಿದೆ. ಅದರ ಮುಂದೆ ಅದು ಹುಟ್ಟಿದ ತಾರೀಖೂ ಇತ್ತು, ಮೇ ಇಪ್ಪತ್ತಾರು. ನೆನಪಿಟ್ಟುಕೊಂಡೆ.

ಒಂದು ಫೈಲನ್ನೂ ಒರೆಸದೆ, ಒಂದು ಅಕ್ಷರವನ್ನೂ ಕಳೆಯದೆ ಸರಿಮಾಡಿದ್ದೇನೆ. ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂತು. ಮಾನಿಟರನ್ನು ಮತ್ತೆ ಬೀದಿಯ ಕಡೆ ತಿರುಗಿಸಿದೆ. ಹೂವಿನವಳು ಬಿಸಿಲು ಕಡಿಮೆಯಾಯ್ತಾ ಅಕ್ಕ ಅಂದಳು.

ಜೂನ್ 26, ಗುರುವಾರ

ಖುಷಿ ಎರಡು ದಿನವೂ ಉಳಿಯಲಿಲ್ಲ. ಮೇ ಇಪ್ಪತ್ತಾರರಿಂದ ಜೂನ್ ಹತ್ತರವರೆಗೆ ನನ್ನ ಅಂಗಡಿಯಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದವರು ಎಷ್ಟು ಜನ? ಭವ್ಯಶ್ರೀ ಮೇ ಕೊನೆಯಲ್ಲಿ ಬಂದಿದ್ದಳು. ಅವಳ ಮೂರು ವರ್ಷದ ಕೆಲಸ ಆ ಪೆನ್‌ಡ್ರೈವಿನಲ್ಲಿದೆ. ನಾನು ಯಾರಿಗೂ ಕೊಟ್ಟಿಲ್ಲ ಅಂತ ಮೊನ್ನೆ ಇಲ್ಲೇ ಬರೆದಿದ್ದೇನೆ. ನೋಡದೆ ಹೇಗೆ ಬರೆದೆ?

ಬೋರ್ಡ್ ಬರೆದೆ. ಇಷ್ಟೇ: "ಮೇ 26ರಿಂದ ಜೂನ್ 10ರವರೆಗೆ ನಮ್ಮ ಕಂಪ್ಯೂಟರಿನಲ್ಲಿ ವೈರಸ್ ಇತ್ತು. ಆ ದಿನಗಳಲ್ಲಿ ಇಲ್ಲಿ ಪೆನ್‌ಡ್ರೈವ್ ಬಳಸಿದವರು ದಯವಿಟ್ಟು ತನ್ನಿ, ಶುಚಿ ಮಾಡಿ ಕೊಡುತ್ತೇವೆ." ದಪ್ಪ ಅಕ್ಷರದಲ್ಲಿ, ರಸ್ತೆಯ ಆ ಕಡೆಯಿಂದಲೂ ಓದುವ ಹಾಗೆ. ಇವರು ನೋಡಿ ಗಾಬರಿಯಾದರು. ಮುಚ್ಚಿಡೋಕೆ ಅಷ್ಟೆಲ್ಲ ಬೇಗ ಓಡ್ತಿದ್ದೆ, ಈಗ ಊರಿಗೆಲ್ಲ ಡಂಗುರ ಹೊಡೀತೀಯಲ್ಲ ಅಂದರು. ಗಿರಾಕಿಗಳು ಬಿಟ್ಟು ಹೋಗಬಾರದು ಅಂತ, ಬರಿಯ ವ್ಯಾಪಾರ ಅಂದೆ.

ಅಕ್ಷರಗಳ ನಡುವಿನ ಅಂತರ ಬಹಳ ಚೆನ್ನಾಗಿ ಬಂದಿದೆ.

ಜೂನ್ 30, ಸೋಮವಾರ

ದಿನಾ ಒಬ್ಬರಲ್ಲ ಒಬ್ಬರು ಬರುತ್ತಿದ್ದಾರೆ. ಕೆಲವರು ತಮಾಷೆ ಮಾಡಿದರು, ಒಬ್ಬರು ಬೈದರು. ಬೈಸಿಕೊಂಡೇ ಅವರ ಪೆನ್‌ಡ್ರೈವ್ ಶುಚಿ ಮಾಡಿ ಕೊಟ್ಟೆ, ವೈರಸ್ ಬಚ್ಚಿಟ್ಟಿದ್ದ ಅವರ ಮೊಮ್ಮಗುವಿನ ಫೋಟೋಗಳು ಹೊರಗೆ ಬಂದವು. ಆಮೇಲೆ ಅರ್ಧ ಗಂಟೆ ಕೂತು ಒಂದೊಂದನ್ನೇ ತೋರಿಸಿದರು.

ಭವ್ಯಶ್ರೀ ಕೊನೆಗೆ ಬಂದಳು. ಅವಳ ಪೆನ್‌ಡ್ರೈವಿನಲ್ಲೂ ಇತ್ತು. ಎಲ್ಲ ಅಧ್ಯಾಯವೂ ಕ್ಷೇಮವಾಗಿ ಸಿಕ್ಕಿತು. ಬೇರೆ ಅಂಗಡಿಗೆ ಹೋಗಿದ್ದಳಂತೆ, ಅಲ್ಲಿಯ ಪರದೆಯಲ್ಲೂ ಕೆಂಪಗೆ ಬಂತಂತೆ, ಏನು ಅಂತ ಅವರು ಹೇಳದೆ ಹಾಗೇ ಕಳಿಸಿದರಂತೆ. ನೀವು ಬೋರ್ಡ್ ಹಾಕಿದ್ದು ಒಳ್ಳೇದಾಯ್ತು ಅಂದಳು. ಹೊಗಳಿಕೆ ಯಾರಿಗೆ ಬೇಡ, ಇನ್ನೊಂದು ಸಲ ಹೇಳುವಂತೆ ಮಾಡಿದೆ.

ಸಂಚಿಕೆ ಮುಗಿದಿದೆ. ಕೊನೆಯ ಪ್ರೂಫೂ ಆಯಿತು. ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೇನೆ.

ಜುಲೈ 4, ಶುಕ್ರವಾರ

ಆಷಾಢ ಶುಕ್ರವಾರ. ಬಸ್ಸುಗಳೆಲ್ಲ ದೇವಿಯ ದರ್ಶನಕ್ಕೆ ಬೆಟ್ಟಕ್ಕೆ ಹೋಗುವವರಿಂದ ತುಂಬಿದ್ದವು, ಆಟೋ ಮಾಡಿಕೊಂಡು ಕುಂಬಾರಕೊಪ್ಪಲಿಗೆ ಹೋದೆ. ಒಳ್ಳೆಯ ಸೀರೆ ಉಟ್ಟಿದ್ದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ.

ಹೇಳಲು ಆಗಲಿಲ್ಲ. ಮಾನಸ ಬಾಗಿಲಲ್ಲೇ ಕಾಯುತ್ತಿದ್ದಳು, ಕೈ ಹಿಡಿದು ಪೇಪರ್ ಬಂಡಲುಗಳ ಹಿಂದಕ್ಕೆ ಕರೆದುಕೊಂಡು ಹೋದಳು. ನನ್ನ ಬೋರ್ಡಿನ ವಿಷಯ ಸಮಿತಿಯವರಿಂದ ಕೇಳಿದ್ದಳಂತೆ.

"ಆಂಟಿ, ನಮ್ದ್ರಲ್ಲೂ ದಿನಾ ಬೆಳಿಗ್ಗೆ ಒಂದು ಬಾಕ್ಸ್ ಬರುತ್ತೆ. ಫೈಲ್ ಸಿಗ್ತಿಲ್ಲ ಅಂತ. ಕೆಲಸದೋರು ಬರೋಕ್ ಮುಂಚೆ ನಾನೇ ಬಂದು ಓಕೆ ಒತ್ಬುಡ್ತೀನಿ," ಅಂದಳು. ಧ್ವನಿ ಸಣ್ಣಗಾಗಿತ್ತು. "ಅಪ್ಪಂಗೆ ನಿನ್ನೆ ಗೊತ್ತಾಯ್ತು. ನನ್ ಕೈಗೆ ಕೊಟ್ಟಿದ್ದೇ ತಪ್ಪು, ಪ್ರೆಸ್ ಮಾರ್ಬುಡ್ತೀನಿ ಅಂತಿದಾರೆ."

ಹೋಗಿ ಅವಳ ಕಂಪ್ಯೂಟರಿನ ಮುಂದೆ ಕೂತೆ. ಮಂಟಯ್ಯನವರು ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡರು. ಬೈಂಡಿಂಗ್ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಂತರು. ಪ್ರೂಫ್ ಮೇಷ್ಟ್ರೂ ಇದ್ದರು. ಆವತ್ತು ಇದ್ದ ಅಷ್ಟೂ ಜನ. ನಾನು ವೇಳಾಪಟ್ಟಿ ತೆಗೆದು ಒಂದೊಂದೇ ಓದುತ್ತಾ ಹೋದೆ. ಸಿಕ್ಕಿತು. ಅದೇ ಸಭ್ಯವಾದ ಹೆಸರು, ಒಳಗೆ ಅದೇ ಕ್ಯೂ, ಜೆಡ್, ಎಕ್ಸ್. ಮುಂದಿನ ಕಾಲಮ್ಮಿನಲ್ಲಿ ಅದು ಹುಟ್ಟಿದ ತಾರೀಖು.

ಅದು ನನ್ನ ತಾರೀಖಿಗಿಂತ ಹಿಂದಿನದು.

ಮೇ ಇಪ್ಪತ್ತಾರು ಆಗ ನೆನಪಾಯಿತು. ಆ ದಿನ ಸಂಚಿಕೆಯ ಮುಖಪುಟದ ನಮೂನೆ ತರಲು ನಾನು ಇಲ್ಲಿಗೇ ಬಂದಿದ್ದೆ. ಮಾನಸ ಇದೇ ಕಂಪ್ಯೂಟರಿನಿಂದ ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು. ನಾನು ಮನೆಗೆ ಹೋಗುವ ಮುಂಚೆ ಅಂಗಡಿಗೆ ಹೋಗಿ ತೆರೆದು ನೋಡಿದ್ದೆ. ನಾನು ಪ್ರೆಸ್ಸಿಗೆ ಅಂಟಿಸಿದ್ದಲ್ಲ, ಪ್ರೆಸ್ಸಿನಿಂದ ನನಗೆ ಅಂಟಿದ್ದು. ಆಮೇಲೆ ಹೊಸ ಆಂಟಿವೈರಸ್ ಹಾಕಿಸಿ, ತಮ್ಮದನ್ನು ಒರೆಸಿಕೊಂಡು, ನನ್ನನ್ನು ಹಿಡಿದಿದ್ದಳು. ಸಾಕ್ಷಿ ನನ್ನ ಮೂಗಿನ ಮುಂದೆ ಬೆಳಗುತ್ತಿತ್ತು. ಬೆರಳು ತೋರಿಸಿದರೆ ಸಾಕಿತ್ತು.

"ಎಲ್ಲಿಂದ ಬಂತು ಅಂತ ಗೊತ್ತಾಯ್ತಾ ಪ್ರೇಮಲೀಲಮ್ಮ?" ಅಂತ ಮಂಟಯ್ಯನವರು ಕೇಳಿದರು.

ಮಾನಸ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ತಾರೀಖಿನ ಮೇಲೆ ಗಮನವಿರಲಿಲ್ಲ, ಅಪ್ಪನ ಮುಖ ನೋಡುತ್ತಿದ್ದಳು. ಉಗುರಿನ ಸಂದಿಯಲ್ಲೆಲ್ಲ ಇಂಕು. ಮಂಟಯ್ಯನವರಿಗೂ ಅವಳ ವಯಸ್ಸಿನಲ್ಲಿ ಇಂಕು ಹೀಗೆಯೇ ಇರುತ್ತಿತ್ತು ಅಂತ ನಮ್ಮ ಯಜಮಾನರು ಹೇಳುತ್ತಿರುತ್ತಾರೆ.

"ನನ್ ಅಂಗಡೀಲೂ ಇತ್ತು ಮಂಟಯ್ಯನವ್ರೇ," ಅಂದೆ. "ಈಗ ಎರಡ್ ಕಡೇನೂ ಇಲ್ಲ." ಹಾಗನ್ನುತ್ತಲೇ ಅಳಿಸಿಬಿಟ್ಟೆ. ಸಾಲೂ ಹೋಯಿತು, ಅದರ ಮುಂದಿದ್ದ ತಾರೀಖೂ ಹೋಯಿತು. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಆಫ್ ಮಾಡಿ ಆನ್ ಮಾಡಿ ತೋರಿಸಿದೆ. ಬರಿಯ ಪರದೆ ಬಂತು. ಯಾರದ್ದೂ ತಪ್ಪಲ್ಲ, ಹತ್ತಾರು ಜನರ ಪೆನ್‌ಡ್ರೈವ್ ಬರುವ ಜಾಗದಲ್ಲಿ ಆಗುವುದೇ, ಇಷ್ಟಕ್ಕೆಲ್ಲ ಪ್ರೆಸ್ ಮಾರುತ್ತಾರಾ ಅಂತ ಮಂಟಯ್ಯನವರಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕೆಮ್ಮಿ, ಮಗಳಿಗೆ ಕಾಫಿ ತರಿಸಲು ಹೇಳಿದರು. ಮಾನಸ ನನ್ನ ಪೆನ್‌ಡ್ರೈವ್ ತೆಗೆದುಕೊಂಡು ಸಿಕ್ಕಿಸಿದಳು, ಪುಟಗಳನ್ನು ಒಂದೊಂದಾಗಿ ನೋಡಿದಳು, ಸೋಮವಾರ ಪ್ಲೇಟ್‌ಗೆ ಹಾಕುತ್ತೇನೆ ಅಂದಳು. ಆಮೇಲೆ ದೊಡ್ಡ ಮನಸ್ಸು ಮಾಡಿದವಳ ಹಾಗೆ, ಎಲ್ಲರಿಗೂ ಕೇಳುವಂತೆ ಅಂದಳು:

"ಹೋಗ್ಲಿ ಬಿಡಿ ಆಂಟಿ. ನಿಮ್ಮಿಂದ ಬಂತು ಅಂತ ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಬೈಂಡಿಂಗ್ ಹೆಂಗಸರು ಹೌದು ಹೌದು ಅಂತ ತಲೆ ಆಡಿಸಿದರು. ಒಳ್ಳೇದು ಕಣಮ್ಮ ಅಂದೆ. ಕಾಫಿ ಚೆನ್ನಾಗಿತ್ತು.

ಮನೆಗೆ ಬಂದ ಕೂಡಲೇ ಇವರು, ಏನಂದಳು ಆ ಹುಡುಗಿ, ತಪ್ಪು ಒಪ್ಪಿಕೊಂಡಳಾ ಅಂತ ಕೇಳಿದರು.

"ನನ್ನ ಕ್ಷಮಿಸಿದ್ಲು ಕಣ್ರೀ," ಅಂದೆ.

ಇವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅದಕ್ಕೆ ಯಾಕೆ ಇಷ್ಟು ಬೀಗ್ತಿದೀಯ ಅಂದರು.

ನಾನೆಲ್ಲಿ ಬೀಗುತ್ತಿದ್ದೆ? ನಾನು ಯಾವಾಗಲೂ ಇರುವುದೇ ಹೀಗೆ.